ಆರನೇ ಪುಟದ ಚುಕ್ಕಿ

ಪ್ರಕಾಶನದ ಕಚೇರಿಯಲ್ಲಿ ಅವರಿಗೆ ಚುಕ್ಕಿ ಮೇಷ್ಟ್ರು ಎಂದೇ ಹೆಸರು. ಮೊದಲು ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದವರು, ಆದ್ದರಿಂದ ಮೇಷ್ಟ್ರು. ಚುಕ್ಕಿ ಬಂದದ್ದು ಅವರ ಪೆನ್ಸಿಲ್ಲಿನಿಂದ. ಅಂಚೆಯಲ್ಲಿ ಬಂದ ಹಸ್ತಪ್ರತಿಗಳನ್ನು ಎಲ್ಲರಿಗಿಂತ ಮೊದಲು ಓದುವುದು ಇಪ್ಪತ್ತೆರಡು ವರ್ಷಗಳಿಂದ ಅವರ ಕೆಲಸ. ಒಂದು ಪುಟ ಓದಿ ಮುಗಿಸಿದ ಕೂಡಲೇ ಅದರ ಕೆಳಗಿನ ಬಲಮೂಲೆಯಲ್ಲಿ ಸಾಸಿವೆಕಾಳಿನಷ್ಟು ಒಂದು ಚುಕ್ಕಿ ಇಡುತ್ತಿದ್ದರು. ನಡುವೆ ಯಾರಾದರೂ ಬಂದು ಮಾತಿಗೆ ಕೂತು ಎದ್ದುಹೋದರೂ, ಎಲ್ಲಿ ಬಿಟ್ಟಿದ್ದೆ ಎಂದು ಹುಡುಕುವ ಗೋಜಿರಲಿಲ್ಲ.

ಬರೆದವರ ಹಾಳೆಯ ಮೇಲೆ ಗೀಚಬಾರದಲ್ಲ, ಅದಕ್ಕೂ ಒಂದು ಏರ್ಪಾಡಿತ್ತು. ಯಾರ ಹಸ್ತಪ್ರತಿ ಬಂದರೂ ಮೊದಲ ಹದಿನೈದು ಪುಟಗಳ ಜೆರಾಕ್ಸ್ ತೆಗೆಯಬೇಕು. ಮೇಷ್ಟ್ರು ಮೊದಲು ಓದುವುದು ಆ ಜೆರಾಕ್ಸನ್ನು, ಮಿಕ್ಕದ್ದನ್ನು ಚುಕ್ಕಿ ಇಡದೆ ಮೂಲಪ್ರತಿಯಲ್ಲಿ. ಪುಸ್ತಕ ಬೇಡವೆಂದಾದರೆ ಮೂಲಪ್ರತಿ ಬರೆದವರ ಮನೆಗೆ, ಜೆರಾಕ್ಸ್ ಕಚೇರಿಯ ಬೀರುವಿಗೆ. ಹಿಂದೆ ಯಾರೋ ಬಂದು, ನನ್ನ ಕಥೆ ಕದ್ದು ಇನ್ನೊಬ್ಬರ ಹೆಸರಿನಲ್ಲಿ ಅಚ್ಚು ಹಾಕಿದ್ದೀರಿ ಎಂದು ರಂಪ ಮಾಡಿದ್ದರಂತೆ. ಅಂದಿನಿಂದ ಯಜಮಾನರು, ಸಾಕ್ಷಿಗೆ ಇರಲಿ ಎಂದು ಹೀಗೆ ಮಾಡಿದ್ದರು. ಆಮೇಲೆ ಯಾರೂ ರಂಪಕ್ಕೆ ಬರಲಿಲ್ಲ, ಬೀರುಗಳು ಮಾತ್ರ ಒಂದಿದ್ದದ್ದು ನಾಲ್ಕಾದವು.

ಯಜಮಾನರದು ಇನ್ನೂ ಒಂದು ಕಟ್ಟಳೆ ಇತ್ತು. ಮೂರು ಸಲ ವಾಪಸಾದ ಹಸ್ತಪ್ರತಿಯನ್ನು ನಾಲ್ಕನೇ ಸಲ ಬಿಚ್ಚಿಯೂ ನೋಡಕೂಡದು. ಇಲ್ಲದಿದ್ದರೆ ಕೆಲವರು ಸಾಯುವತನಕ ಅದೊಂದನ್ನೇ ಕಳಿಸುತ್ತಿರುತ್ತಾರೆ, ನಾವೂ ಸಾಯುವತನಕ ಅದೊಂದನ್ನೇ ಓದುತ್ತಿರುತ್ತೇವೆ ಎಂಬುದು ಅವರ ವಾದ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಮೇಷ್ಟ್ರ ನಿಜವಾದ ಖ್ಯಾತಿ ಇದ್ದದ್ದು ಅವರು ಬರೆಯುವ ಕಾಗದಗಳಲ್ಲಿ. ಬೇರೆ ಪ್ರಕಾಶನದವರು 'ವಿಷಾದಿಸುತ್ತೇವೆ' ಎಂದು ಒಂದು ಸಾಲು ಅಚ್ಚಾದ ಕಾರ್ಡು ಕಳಿಸಿದರೆ, ಮೇಷ್ಟ್ರು ಎರಡು ಪುಟ ಕೈಯಾರೆ ಬರೆಯುತ್ತಿದ್ದರು. ಹಾಳೆಯ ಒಂದೇ ಮಗ್ಗುಲಿಗೆ ಬರೆಯಿರಿ. ಪುಟಸಂಖ್ಯೆ ಹಾಕಿ, ಹಾಕದ ಕಟ್ಟು ಕೈಜಾರಿ ಬಿದ್ದರೆ ನಿಮ್ಮ ನಾಯಕಿ ಸತ್ತ ಮೇಲೆ ಮದುವೆಯಾಗುತ್ತಾಳೆ. ಬರೆದದ್ದನ್ನು ಗಟ್ಟಿಯಾಗಿ ಓದಿ, ನಾಲಿಗೆ ಎಡವಿದ ಕಡೆ ತಿದ್ದಿ. ನಮಗೆ ಕಳಿಸುವ ಮೊದಲು ನಾವು ಎಂಥ ಪುಸ್ತಕ ಹಾಕುತ್ತೇವೆಂದು ಎರಡನ್ನಾದರೂ ಓದಿ ನೋಡಿ. ನಿಮ್ಮ ಭಾವಮೈದುನರು ಮೆಚ್ಚಿದರೆಂದು ಬರೆಯಬೇಡಿ, ಪಾಪ, ಅವರು ಮೆಚ್ಚದೆ ಇನ್ನೇನು ಮಾಡಿಯಾರು. ಈ ಎಲ್ಲ ಬುದ್ಧಿಮಾತುಗಳಲ್ಲಿ ಮೇಷ್ಟ್ರಿಗೆ ಅತ್ಯಂತ ಪ್ರಿಯವಾದದ್ದು ಒಂದಿತ್ತು, ಅದನ್ನು ಎಲ್ಲರಿಗೂ ಬರೆಯುತ್ತಿದ್ದರು: 'ಬೇಡವೆಂದು ತೆಗೆದ ಪುಟಗಳನ್ನು ಮುಲಾಜಿಲ್ಲದೆ ಹರಿದುಹಾಕಿ. ಪೆಟ್ಟಿಗೆಯಲ್ಲಿಟ್ಟರೆ ಕೈ ತುರಿಸುತ್ತಿರುತ್ತದೆ, ಒಂದು ದಿನ ಮತ್ತೆ ಸೇರಿಸಿಬಿಡುತ್ತೀರಿ.'

"ನಿಮ್ಮ ಕಾಗದ ಓದಿದವರಿಗೆ, ಪುಸ್ತಕ ಬೇಡ ಅಂದಿದ್ದಾರೆ ಅಂತ ಗೊತ್ತಾಗೋಕೆ ಎರಡು ದಿನ ಬೇಕು," ಎಂದು ಅವರ ಹೆಂಡತಿ ಒಮ್ಮೆ ಹೇಳಿದ್ದಳು. "ಮೂಗಿಗೆ ತುಪ್ಪ ಸವರೋದು ಅಂದ್ರೆ ಇದೇ." ಮೇಷ್ಟ್ರು ಅದನ್ನು ಹೊಗಳಿಕೆ ಎಂದೇ ತಿಳಿದು ಆ ದಿನ ಒಂದು ಚಮಚ ಹೆಚ್ಚು ಸಕ್ಕರೆ ಹಾಕಿಸಿಕೊಂಡು ಕಾಫಿ ಕುಡಿದರು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು ಮೇಷ್ಟ್ರ ಕೋಣೆಯ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಒಂದು ಬಟ್ಟೆಯ ಚೀಲ.

"ನಾನು ದೊಡ್ಡಾಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಸರ್. ಮೂರು ಸಲ ಕಾದಂಬರಿ ಕಳಿಸಿದ್ದೆ. ಮೂರು ಸಲವೂ ನೀವು ಕಾಗದ ಬರೆದಿದ್ರಿ."

ಮೇಷ್ಟ್ರಿಗೆ ನೆನಪಾಗಲಿಲ್ಲ. ವರ್ಷಕ್ಕೆ ನಾನೂರು ಹಸ್ತಪ್ರತಿ ಓದುವವರಿಗೆ ಯಾವುದು ಯಾರದೆಂದು ನೆನಪಿರುವುದು ಹೇಗೆ. ಆದರೂ, "ಹಾಂ ಹಾಂ, ಬನ್ನಿ, ಕೂತ್ಕೊಳಿ ಅಮ್ಮ," ಎಂದರು. ಮೂರು ಸಲ ಎಂದಾಗಲೇ ಅವರಿಗೆ ವಿಷಯ ಗೊತ್ತಾಗಿತ್ತು. ಇಂಥವರು ಬಂದು ಅಳುತ್ತಾರೆ, ಇಲ್ಲವೇ ಯಾರದೋ ಶಿಫಾರಸು ತರುತ್ತಾರೆ. ಎರಡಕ್ಕೂ ಮೇಷ್ಟ್ರ ಬಳಿ ಉತ್ತರ ತಯಾರಿತ್ತು.

ಆಕೆ ಅಳಲಿಲ್ಲ. ಚೀಲದಿಂದ ಎರಡು ಕಾಗದ ತೆಗೆದು, ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟು, ಅಂಗೈಯಿಂದ ಮಡಿಕೆ ನೇವರಿಸಿ ಸರಿಮಾಡಿದಳು.

"ಇದು ಮೊದಲನೇದು, ಮೂರು ವರ್ಷದ ಹಿಂದಿನದು. ಇದು ಹೋದ ತಿಂಗಳು ಬಂದದ್ದು. ಎರಡನೇದರಲ್ಲಿ ಬರೀ ಒತ್ತು, ದೀರ್ಘದ ಮಾತಿತ್ತು, ಅದನ್ನ ತರಲಿಲ್ಲ. ಈ ಎರಡರಲ್ಲಿ ಯಾವುದನ್ನ ನಂಬಲಿ ಅಂತ ಕೇಳೋಕೆ ಬಂದೆ ಸರ್. ಇನ್ನೇನೂ ಇಲ್ಲ."

ಆಕೆಯ ದನಿ ಹೇಗಿತ್ತೆಂದರೆ, ಯಾರು ಎಷ್ಟು ಕೂಗಾಡಿದರೂ ಏರದ, ಇಳಿಯದ ದನಿ. ಮೇಷ್ಟ್ರು ಕನ್ನಡಕ ಏರಿಸಿಕೊಂಡರು.

ಮೊದಲ ಕಾಗದ ಹೀಗಿತ್ತು: 'ನಿಮ್ಮ ಮೊದಲ ಅಧ್ಯಾಯ ಬೇಡ. ಒಂದು ಫೋನು ರಿಂಗಾಗುವುದನ್ನು ಆರು ಪುಟ ಓದುವ ತಾಳ್ಮೆ ಯಾವ ಓದುಗನಿಗೂ ಇಲ್ಲ. ನೇರವಾಗಿ ಎರಡನೇ ಅಧ್ಯಾಯದಿಂದ ಆರಂಭಿಸಿ. ತೆಗೆದ ಪುಟಗಳನ್ನು ಮುಲಾಜಿಲ್ಲದೆ ಹರಿದುಹಾಕಿ...'

ಹೋದ ತಿಂಗಳಿನದು ಹೀಗೆ: 'ಕಥೆ ಒಮ್ಮೆಲೇ ಆರಂಭವಾಗುತ್ತದೆ. ಈ ಆಪರೇಟರ್ ಹೆಂಗಸು ಪರರ ದುಃಖವನ್ನು ಯಾಕೆ ಹೀಗೆ ಹಚ್ಚಿಕೊಳ್ಳುತ್ತಾಳೆ ಎಂದು ತಿಳಿಯುವುದಿಲ್ಲ. ಶುರುವಿನಲ್ಲಿ ಒಂದು ಅಧ್ಯಾಯ ಬೇಕಿತ್ತು. ಆಕೆ ಕೆಲಸದಲ್ಲಿರುವುದನ್ನು, ಒಂದೇ ಒಂದು ಕರೆಯನ್ನು, ನಿಧಾನವಾಗಿ ತೋರಿಸಬೇಕಿತ್ತು. ಮೂರನೇ ಸಲವಾದ್ದರಿಂದ ಇನ್ನು ಕಳಿಸಬಾರದೆಂದು ವಿನಂತಿ.'

ಎರಡೂ ಅವರದೇ ಅಕ್ಷರ. ಎರಡೂ ದುಂಡಗೆ, ಮುತ್ತು ಪೋಣಿಸಿದಂತೆ.

ಮೇಷ್ಟ್ರು ಎರಡನ್ನೂ ಮತ್ತೊಮ್ಮೆ ಓದಿದರು. ಓದಿದಷ್ಟೂ ಮುಖ ಬೆಚ್ಚಗಾಯಿತು.

"ಆ ಮೊದಲನೇ ಅಧ್ಯಾಯ..." ಎಂದರು.

"ಹರಿದುಹಾಕಿದೆ ಸರ್. ನೀವೇ ಬರೆದಿದ್ರಲ್ಲ."

"ಎಲ್ಲಾದರೂ ಒಂದು ಪ್ರತಿ?"

"ಕೈಬರಹದ್ದು, ಒಂದೇ ಇತ್ತು. ಮತ್ತೆ ಬರೆಯೋಣ ಅಂತ ಮೂರು ಸಲ ಕೂತೆ. ನಡೆದದ್ದು ನೆನಪಿಗೆ ಬರುತ್ತೆ, ಬರೆದ ಮಾತು ಬರಲ್ಲ. ನಮ್ಮತ್ತೆಗೆ ನಾನು ಬರೆದದ್ದನ್ನೆಲ್ಲ ಓದಿ ಹೇಳ್ತೀನಿ. ಅವರು ಮೂರು ಸಲವೂ ಕೇಳಿ, ಇದಲ್ಲ, ಅದು ಬೇರೆ ಇತ್ತು ಅಂದ್ರು. ಅದನ್ನ ಹರಿದ ದಿನ ಅತ್ತೆ ನನ್ನ ಜೊತೆ ಮಾತೇ ಆಡಿರಲಿಲ್ಲ. ಯಾರವನು ಮೇಷ್ಟ್ರು, ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು ಅಂತಿದ್ರು. ಮಂಡಿನೋವು, ಅದಕ್ಕೆ ಬಿಟ್ಟು ಬಂದೆ."

ಮಂಡಿನೋವಿಗೆ ಮೇಷ್ಟ್ರು ಮನಸ್ಸಿನಲ್ಲೇ ಕೈಮುಗಿದರು. ಹಾಗೆ ಕೈಮುಗಿಯುವಾಗಲೇ ಅವರಿಗೆ ಬೀರುಗಳು ನೆನಪಾದದ್ದು.

ಅವರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. "ಇದೆ. ಇರಬೇಕು. ಮೊದಲ ಹದಿನೈದು ಪುಟದ ಜೆರಾಕ್ಸ್ ನಾವು ಇಟ್ಕೋತೀವಿ. ನಿಮ್ಮ ಅಧ್ಯಾಯ ಎಷ್ಟು ಪುಟ ಇತ್ತು?"

"ಹದಿನಾಲ್ಕು."

"ಹದಿನಾಲ್ಕಾ?"

"ಹೂಂ ಸರ್. ಕಾಗದದಲ್ಲಿ ಆರು ಪುಟ ಅಂತ ಬರೆದಿದ್ರಿ. ಕೈತಪ್ಪಿ ಬರೆದಿರಬೇಕು ಅಂದ್ಕೊಂಡೆ."

ಕಾಗದದಲ್ಲಿ 'ಆರು ಪುಟ' ಎಂದಿದ್ದ ಸಾಲನ್ನು ಮೇಷ್ಟ್ರು ಇನ್ನೊಮ್ಮೆ ನೋಡಿದರು. ಆದರೆ ಹುಡುಕುವ ಗಡಿಬಿಡಿಯಲ್ಲಿ ಅದನ್ನು ಬದಿಗೆ ತಳ್ಳಿದರು.

ಮೇಷ್ಟ್ರು ಆಕೆಯನ್ನು ಬೀರುಗಳಿದ್ದ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಮೂರು ವರ್ಷದ ಹಿಂದಿನದು ನಾಲ್ಕನೇ ಬೀರುವಿನ ಕೆಳಗಿನ ಹಲಗೆಯಲ್ಲಿತ್ತು. ಮೇಷ್ಟ್ರು ನೆಲದ ಮೇಲೆ ಕೂತರು. ಆಕೆಯೂ ಎದುರಿಗೆ ಕೂತು, ಅವರು ಕೊಟ್ಟ ಕಟ್ಟಿನ ದಾರ ಬಿಚ್ಚಿ, ನೋಡಿ, ಮತ್ತೆ ಕಟ್ಟಿ ಪಕ್ಕಕ್ಕೆ ಇಡುತ್ತ ಹೋದಳು. ಅಪ್ಪನ ಮೇಲೆ ಬರೆದವರು, ಚಂದ್ರನ ಮೇಲೆ ಬರೆದವರು, ಪಕ್ಕದ ಮನೆಯವರ ಮೇಲಿನ ಸಿಟ್ಟಿಗೆ ಬರೆದವರು, ಎಲ್ಲರೂ ಹದಿನೈದು ಹದಿನೈದು ಪುಟವಾಗಿ ಆ ಬೀರುವಿನಲ್ಲಿ ಮಲಗಿದ್ದರು. ಮುಕ್ಕಾಲು ಗಂಟೆಯ ನಂತರ ಆಕೆ ಒಂದು ಕಟ್ಟನ್ನು ಕೈಗೆತ್ತಿಕೊಂಡವಳು ದಾರ ಬಿಚ್ಚದೆ ಹಾಗೇ ಕೂತಳು.

"ಇದೇ ಸರ್," ಎಂದಳು. ಆ ದನಿ ಮೊದಲ ಸಲ ಸ್ವಲ್ಪ ನಡುಗಿತು.

ಮೇಷ್ಟ್ರಿಗೆ ಎಷ್ಟು ಸಂತೋಷವಾಯಿತೆಂದರೆ, ತಪ್ಪು ತಮ್ಮದೆಂಬುದೇ ಒಂದು ಗಳಿಗೆ ಮರೆತುಹೋಯಿತು. ಕಳೆದದ್ದನ್ನು ಹುಡುಕಿಕೊಟ್ಟ ದೊಡ್ಡ ಮನುಷ್ಯನ ಹಾಗೆ ಕಟ್ಟನ್ನು ಇಸಿದುಕೊಂಡು, ದಾರ ಬಿಚ್ಚಿ, ಒಂದೊಂದೇ ಪುಟ ತಿರುವಿದರು. ಮೊದಲ ಪುಟದ ಮೂಲೆಯಲ್ಲಿ ಚುಕ್ಕಿ. ಎರಡನೆಯದರಲ್ಲಿ ಚುಕ್ಕಿ. ಮೂರು, ನಾಲ್ಕು, ಐದು, ಆರು.

ಏಳನೇ ಪುಟದಲ್ಲಿ ಚುಕ್ಕಿ ಇರಲಿಲ್ಲ.

ಎಂಟರಲ್ಲೂ ಇಲ್ಲ. ಹದಿನಾಲ್ಕರವರೆಗೂ ಮೂಲೆಗಳು ಬೆಳ್ಳಗೆ ಹಾಗೇ ಇದ್ದವು. ಎರಡನೇ ಅಧ್ಯಾಯ ಶುರುವಾಗುವ ಹದಿನೈದನೆಯದರಲ್ಲಿ ಮಾತ್ರ ಮತ್ತೆ ಚುಕ್ಕಿ. ಮೇಷ್ಟ್ರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಪೆನ್ಸಿಲ್ಲು ಮಾಸಿದ್ದರೂ ಕಲೆಯಾದರೂ ಇರಬೇಕಲ್ಲ. ಇಲ್ಲ.

"ಆ ಚುಕ್ಕಿ ಏನು ಸರ್?" ಎಂದು ಆಕೆ ಕೇಳಿದಳು.

ಸುಳ್ಳು ಹೇಳಬಹುದಿತ್ತು. ಅಚ್ಚಿನವರ ಗುರುತು ಅಂದಿದ್ದರೆ ನಂಬುತ್ತಿದ್ದಳು. ಆದರೆ ಕುಂಬಳಕಾಯಿ ಕಳ್ಳ ಅಂದ ಕೂಡಲೇ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಮೇಷ್ಟ್ರ ಹೆಬ್ಬೆರಳು ಆಗಲೇ ಆರನೇ ಪುಟದ ಮೂಲೆಯನ್ನು ಮುಚ್ಚಿತ್ತು.

"ನಾನು ಓದಿದ ಪುಟಕ್ಕೆ ಚುಕ್ಕಿ ಇಡ್ತೀನಿ ಅಮ್ಮ. ಇಲ್ಲಿವರೆಗೆ ಓದಿ, ಆಮೇಲೆ ನೇರ ಎರಡನೇ ಅಧ್ಯಾಯಕ್ಕೆ ಹೋಗಿದೀನಿ. ಈ ಎಂಟು ಪುಟ ನಾನು ಓದಿಲ್ಲ."

ಮೇಷ್ಟ್ರು ಎದ್ದು, ಅದೇ ಬೀರುವಿನ ಮೇಲಿನ ಹಲಗೆಯಿಂದ ಆ ವರ್ಷದ ತಮ್ಮ ಡೈರಿ ತೆಗೆದರು. ಜೆರಾಕ್ಸಿನ ಮೇಲೆ ತಾರೀಕು ಇತ್ತು. ಆ ದಿನ ಜ್ವರ ಬಂದಿರಬಹುದು, ಮನೆಯಲ್ಲಿ ಯಾರಿಗೋ ಹುಷಾರಿಲ್ಲದಿರಬಹುದು, ಏನಾದರೂ ಆಗಿರಲಿ ದೇವರೇ ಎಂದುಕೊಳ್ಳುತ್ತ ಪುಟ ತೆರೆದರು. ಬುಧವಾರ. ಒಂದೇ ಸಾಲು ಬರೆದಿತ್ತು: 'ಕನ್ನಡಕದ ಸ್ಕ್ರೂ ಬಿಗಿ ಮಾಡಿಸಬೇಕು.' ಕನ್ನಡಕ ಒಡೆದೂ ಇರಲಿಲ್ಲ, ಸಡಿಲವಾಗಿತ್ತು ಅಷ್ಟೆ. ಅದೊಂದು ಮಾಮೂಲಿ ಬುಧವಾರ. ಮಾಮೂಲಿ ಬುಧವಾರದಂದು ಅವರಿಗೆ ಬೇಜಾರು ಬಂದಿತ್ತು, ಅಷ್ಟಕ್ಕೇ ಒಬ್ಬ ಹೆಂಗಸಿನ ಮೂರು ವರ್ಷ ಹೋಗಿತ್ತು. ಅದಕ್ಕಿಂತ ದೊಡ್ಡ ಕಾರಣ ಸಿಕ್ಕಿದ್ದರೆ ಅವರಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಕ್ಷಮಿಸಿ ಅಂತ ಹೇಳೋಕೂ..." ಎಂದು ಶುರುಮಾಡಿದರು.

"ಅದೆಲ್ಲ ಆಮೇಲೆ ಸರ್. ಈಗ ಓದಿ."

ಮೇಷ್ಟ್ರು ನೆಲದ ಮೇಲೆಯೇ ಕೂತು ಒಂದನೇ ಪುಟದಿಂದ ಓದಿದರು. ಆಸ್ಪತ್ರೆಗೆ ಒಂದು ಕರೆ ಬರುತ್ತದೆ. ಹಿಂದಿನ ದಿನ ಸೇರಿಸಿದ ತನ್ನ ಗಂಡನ ಜೊತೆ ಮಾತಾಡಬೇಕು ಎಂದು ಒಬ್ಬ ಹೆಂಗಸು ಕೇಳುತ್ತಾಳೆ. ಆಪರೇಟರ್ ಒಂದು ವಾರ್ಡಿಗೆ ರಿಂಗ್ ಮಾಡುತ್ತಾಳೆ, ಯಾರೂ ಎತ್ತುವುದಿಲ್ಲ. ಲೈನಲ್ಲೇ ಇರಿ ಅಮ್ಮ ಎನ್ನುತ್ತಾಳೆ. ಇನ್ನೊಂದು ವಾರ್ಡು. ಅಲ್ಲೂ ಇಲ್ಲ. ಲೈನಲ್ಲೇ ಇರಿ. ಹೀಗೇ ಆರು ಪುಟ. ಮಧ್ಯೆ ಮಧ್ಯೆ ಆ ಹೆಂಗಸು ಆಪರೇಟರಿಗೆ ಏನೇನೋ ಹೇಳುತ್ತಾಳೆ: ಅವರಿಗೆ ಉಪ್ಪು ಕಮ್ಮಿ ಹಾಕಬೇಕು, ಎಡ ಮಗ್ಗುಲಿಗೆ ಮಲಗಿದರೆ ನಿದ್ದೆ ಬರುತ್ತೆ, ಸಂಜೆ ಬರುವಾಗ ಶೇವಿಂಗ್ ಸೆಟ್ ತರುತ್ತೇನೆ.

ಏಳನೇ ಪುಟದಲ್ಲಿ ಆಪರೇಟರ್ ಯಾವ ವಾರ್ಡಿಗೂ ರಿಂಗ್ ಮಾಡಿಯೇ ಇಲ್ಲವೆಂದು ತಿಳಿಯುತ್ತದೆ. ಆ ಹೆಸರಿನ ರೋಗಿ ಬೆಳಿಗ್ಗೆ ಎಂಟಕ್ಕೆ ತೀರಿಕೊಂಡದ್ದು ಅವಳ ಮುಂದಿನ ಚೀಟಿಯಲ್ಲಿದೆ. ಹೇಳುವ ಅಧಿಕಾರ ಅವಳಿಗಿಲ್ಲ, ಡಾಕ್ಟರಿಗೆ ಲೈನ್ ಕೊಡಬೇಕು, ಅಷ್ಟೇ. ಕೊಟ್ಟ ಕ್ಷಣ ಆ ಹೆಂಗಸಿನ ಬದುಕು ಎರಡು ತುಂಡಾಗುತ್ತದೆ. ಇನ್ನು ಸ್ವಲ್ಪ ಹೊತ್ತು ಅವಳು ಹೆಂಡತಿಯಾಗಿಯೇ ಇರಲಿ ಎಂದು ಈ ಆಪರೇಟರ್ ಲೈನನ್ನು ಹಿಡಿದುಕೊಂಡು ಕೂತಿದ್ದಾಳೆ. ಉಪ್ಪಿನ ವಿಷಯ ಕೇಳಿಸಿಕೊಳ್ಳುತ್ತಿದ್ದಾಳೆ. ಹೂಂ ಅಮ್ಮ, ಹೇಳ್ತೀನಿ ಅಮ್ಮ ಎನ್ನುತ್ತಿದ್ದಾಳೆ.

ಮೇಷ್ಟ್ರು ಹದಿನಾಲ್ಕನೇ ಪುಟ ಮುಗಿಸಿ ಕನ್ನಡಕ ತೆಗೆದು ಒರೆಸಿದರು. ಒರೆಸಿ ಹಾಕಿಕೊಂಡರೂ ಮಬ್ಬಾಗಿಯೇ ಕಂಡಿತು. ಜೇಬಿನಿಂದ ಪೆನ್ಸಿಲ್ ತೆಗೆದು ಏಳರಿಂದ ಹದಿನಾಲ್ಕರವರೆಗೆ ಒಂದೊಂದು ಚುಕ್ಕಿ ಇಟ್ಟರು. ಆಕೆ ಎಲ್ಲವನ್ನೂ ನೋಡುತ್ತಿದ್ದಳು.

"ಇಲ್ಲೇ ಇರಿ," ಎಂದು ಹೇಳಿ ಮೇಷ್ಟ್ರು ಯಜಮಾನರ ಕೋಣೆಗೆ ಹೋದರು.

ಯಜಮಾನರು ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು. "ಚೆನ್ನಾಗೇ ಇರಬಹುದು ಮೇಷ್ಟ್ರೇ. ಆದರೆ ಮೂರು ಸಲ ವಾಪಸಾಗಿದೆ. ಕಟ್ಟಳೆ ಅಂದ್ಮೇಲೆ ಎಲ್ಲರಿಗೂ ಒಂದೇ."

"ಮೂರು ಸಲ ಅಲ್ಲ, ಎರಡು ಸಲ. ಮೊದಲನೇ ಸಲ ವಾಪಸ್ ಮಾಡಿದ್ದು ಪುಸ್ತಕ ಬೇಡ ಅಂತಲ್ಲ. ನಾನು ಓದಿರಲಿಲ್ಲ."

"ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು."

"ಅಲ್ಲ ಯಜಮಾನ್ರೇ. ನೋಡಿ, ಇಲ್ಲಿ ಸಾಕ್ಷಿ ಇದೆ." ಮೇಷ್ಟ್ರು ಆರನೇ ಪುಟವನ್ನೂ ಏಳನೇ ಪುಟವನ್ನೂ ಮೇಜಿನ ಮೇಲಿಟ್ಟರು. "ಇದು ಮೂರು ವರ್ಷದ ಹಿಂದಿನ ಚುಕ್ಕಿ. ಇದು ಹತ್ತು ನಿಮಿಷದ ಹಿಂದೆ ಇಟ್ಟದ್ದು, ಕರ್ರಗಿದೆ ನೋಡಿ. ಸಾಕ್ಷಿಗೆ ಇರಲಿ ಅಂತ ತಾನೇ ಬೀರು ಮಾಡಿಸಿದ್ದು ನೀವು. ಸಾಕ್ಷಿ ನನ್ನ ಮೇಲೇ ಬಂತು."

ಯಜಮಾನರು ಎರಡೂ ಪುಟ ನೋಡಿದರು. ಆಮೇಲೆ ಏಳನೇ ಪುಟವನ್ನು ಓದತೊಡಗಿದರು. ಓದುತ್ತ ಓದುತ್ತ ಕೈಚಾಚಿ, ಮಾತಿಲ್ಲದೆ, ಎಂಟನೆಯದನ್ನು ಕೇಳಿದರು. ಮೇಷ್ಟ್ರು ಕೊಟ್ಟರು. ಹದಿನಾಲ್ಕು ಮುಗಿದ ಮೇಲೆ ಯಜಮಾನರು ಪುಟಗಳನ್ನು ಒಪ್ಪವಾಗಿ ಜೋಡಿಸಿ ಮೇಷ್ಟ್ರ ಕೈಗಿಟ್ಟರು.

"ಪೂರ್ತಿ ನಾನೇ ಓದ್ತೀನಿ. ನೀವಲ್ಲ," ಎಂದರು. ಮೇಷ್ಟ್ರಿಗೆ ಅದು ಚುರುಕ್ಕೆಂದಿತು, ಆದರೆ ತಲೆ ಆಡಿಸಿದರು. ಬಾಗಿಲ ಬಳಿ ಹೋದಾಗ ಯಜಮಾನರು ಮತ್ತೆ ಕರೆದರು. "ಮೇಷ್ಟ್ರೇ, ಆ ನಾಲ್ಕು ಬೀರುವಿನಲ್ಲಿ ಇಂಥವು ಇನ್ನೆಷ್ಟಿವೆ?"

ಮೇಷ್ಟ್ರು ಬಾಗಿಲು ದಾಟಿ ಬೀರುಗಳ ಕಡೆಗೆ ನಡೆದರು.

ಆಕೆ ಹಿಂದಿನ ಕೋಣೆಯಲ್ಲಿ ಬಿಚ್ಚಿದ ಕಟ್ಟುಗಳನ್ನೆಲ್ಲ ಹಲಗೆಗೆ ಸೇರಿಸಿಟ್ಟು ಕಾಯುತ್ತಿದ್ದಳು. ಯಜಮಾನರೇ ಓದುತ್ತಾರೆಂದು ಕೇಳಿ, ಚೀಲದಲ್ಲಿದ್ದ ಮಿಕ್ಕ ಹಸ್ತಪ್ರತಿಯನ್ನು ಕೊಟ್ಟು, ಆ ಹದಿನಾಲ್ಕು ಪುಟದ ಇನ್ನೊಂದು ಜೆರಾಕ್ಸ್ ಮಾಡಿಸಿಕೊಂಡಳು. ಅತ್ತೆಗೆ ಓದಿ ಹೇಳಬೇಕಂತೆ. ಹೊರಡುವಾಗ ನಿಂತಳು.

"ನೀವು ನನಗೆ ಮೂರು ಕಾಗದ ಬರೆದ್ರಿ. ನಾನೂ ಒಂದು ಸಲಹೆ ಹೇಳ್ಲಾ ಸರ್?"

"ಹೇಳಿ ಅಮ್ಮ."

"ಇನ್ಮೇಲೆ ಕಾಗದದ ಕೊನೇಲಿ, ನಾನು ಇಷ್ಟು ಪುಟ ಓದಿದೀನಿ ಅಂತ ಒಂದು ಸಾಲು ಬರೀರಿ. ಸಲಹೆನ ಎಷ್ಟು ನಂಬಬೇಕು ಅನ್ನೋದನ್ನ ನಾವೇ ನೋಡ್ಕೋತೀವಿ."

ಎಂಟು ದಿನದ ಮೇಲೆ ಯಜಮಾನರು ಹಸ್ತಪ್ರತಿಯನ್ನು ಮೇಷ್ಟ್ರ ಮೇಜಿನ ಮೇಲೆ ಇಟ್ಟು, "ಹಾಕೋಣ. ಮೊದಲನೇ ಅಧ್ಯಾಯ ಮೊದಲೇ ಇರಲಿ. ನೀವೇ ತಿಳಿಸಿ," ಎಂದು ಹೋದರು. ಕಾಗದ ಬರೆಯಲು ಮೇಷ್ಟ್ರಿಗೆ ಧೈರ್ಯ ಬರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದರು. ಎತ್ತಿದವಳು ಆಕೆಯೇ.

"ನಾನು ಅಮ್ಮ, ಪ್ರಕಾಶನದಿಂದ. ಮೇಷ್ಟ್ರು."

"ಎರಡು ಲೈನ್ ಬರ್ತಿದೆ ಸರ್. ಲೈನಲ್ಲೇ ಇರಿ."

ಮೇಷ್ಟ್ರು ಇದ್ದರು. ಆ ಕಡೆಯಿಂದ ಬರೀ ಗುಂಯ್ ಎನ್ನುವ ಸದ್ದು. ಗೋಡೆಯ ಗಡಿಯಾರದಲ್ಲಿ ಒಂಬತ್ತು ನಿಮಿಷ ಹೋಯಿತು. ಮಾಮೂಲಾದರೆ ಎರಡನೇ ನಿಮಿಷಕ್ಕೇ ಇಟ್ಟುಬಿಡುವ ಮನುಷ್ಯ, ಆ ದಿನ ರಿಸೀವರನ್ನು ಈ ಕಿವಿಯಿಂದ ಆ ಕಿವಿಗೂ ಬದಲಿಸಲಿಲ್ಲ. ಕೊನೆಗೆ ಆಕೆ ಬಂದಾಗ, ಎಂಟು ದಿನದಿಂದ ಜೋಡಿಸಿಟ್ಟ ಮಾತೆಲ್ಲ ಮರೆತು, "ಹಾಕ್ತಾರಂತೆ," ಎಂದಷ್ಟೇ ಹೇಳಿದರು. ಆಕೆ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. "ಅತ್ತೆಗೆ ಹೇಳ್ತೀನಿ ಸರ್," ಎಂದಳು.

ಮಧ್ಯಾಹ್ನ ಮೇಷ್ಟ್ರ ಮುಂದೆ ಬೇರೆ ಹಸ್ತಪ್ರತಿ ಇತ್ತು. ಗಡಿಯಾರ ರಿಪೇರಿ ಮಾಡುವ ಒಬ್ಬರು ಬರೆದದ್ದು, ಒಟ್ಟು ಇನ್ನೂರ ಹನ್ನೊಂದು ಪುಟ. ಮೊದಲ ಒಂಬತ್ತು ಪುಟವಿಡೀ ಒಂದು ಗಡಿಯಾರವನ್ನು ಬಿಚ್ಚುವುದೇ ಆಗಿತ್ತು, ಬಿಚ್ಚಿ ಮುಗಿಯುವ ಲಕ್ಷಣ ಕಾಣಲಿಲ್ಲ. ಮೇಷ್ಟ್ರು ಆಕಳಿಸಿ, ಪೆನ್ನು ತೆಗೆದು, ಅಭ್ಯಾಸಬಲದಿಂದ ಸಲೀಸಾಗಿ ಕಾಗದ ಬರೆದರು. ಹಾಳೆಯ ಒಂದೇ ಮಗ್ಗುಲು, ಪುಟಸಂಖ್ಯೆ, ಗಟ್ಟಿಯಾಗಿ ಓದುವುದು, ಆರಂಭವನ್ನು ಮೊಟಕು ಮಾಡುವುದು. ಸಹಿ ಹಾಕುವ ಮೊದಲು ಆಕೆ ಹೇಳಿದ ಸಾಲು ನೆನಪಾಯಿತು. ಬರೆದರು: 'ನಿಮ್ಮ ಇನ್ನೂರ ಹನ್ನೊಂದು ಪುಟಗಳಲ್ಲಿ ನಾನು ಓದಿದ್ದು ಒಂಬತ್ತು.'

ಬರೆದ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿದರು. ನಾಲಿಗೆ ಅಲ್ಲಿ ಎಡವಿತು.

ಕಾಗದವನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿ, ಕನ್ನಡಕ ಸರಿಮಾಡಿಕೊಂಡು, ಮೇಷ್ಟ್ರು ಹತ್ತನೇ ಪುಟ ತೆರೆದರು.